ಎತ್ತಿನ ಹೊಟ್ಟೆಗೆ ಇಳಿದ ಚೀಲ

ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯ ಸೀಮೆಯಲ್ಲಿ ಜೋಳ, ಕಡಲೆ, ಶೇಂಗಾ ಬೆಳೆಯುತ್ತಾರೆ. ಕಾಳು ನಮಗೆ, ಕಣಿಕೆ, ಹೊಟ್ಟು, ಹಿಂಡಿ ದನಕ್ಕೆ. ಎತ್ತು ತಿಂದ ಕಣಿಕೆಯಲ್ಲಿ ಅದರ ಮೈಗೆ ದಕ್ಕಿದ್ದೆಷ್ಟು, ಸಗಣಿಯಾಗಿ ಹೋದದ್ದೆಷ್ಟು?

ನಿಜ ಹೇಳಬೇಕೆಂದರೆ ಕಣಿಕೆಯ ನಾರನ್ನು ಅರಗಿಸುವುದು ಎತ್ತಲ್ಲ. ಅದರ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ದೊಡ್ಡದು ರೂಮೆನ್. ನಾರು ಒಡೆಯುವ ಕೆಲಸ ಅಲ್ಲಿನ ಸೂಕ್ಷ್ಮಜೀವಿಗಳದು. ಅವುಗಳ ಕೆಲಸ ಅಳೆಯಲು ವಿಜ್ಞಾನಿಗಳು ಮೇವನ್ನು ಚೀಲದಲ್ಲಿ ಕಟ್ಟಿ ಹೊಟ್ಟೆಯೊಳಗೇ ಇಳಿಬಿಟ್ಟರು! 1938ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕುರಿಗಳಿಗೆ ಬಳಸಿದ್ದು ರೇಷ್ಮೆ ಚೀಲ. ಈಗ ನೈಲಾನ್. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ಸೂಕ್ಷ್ಮಜೀವಿ ಒಳಗೆ ನುಗ್ಗುತ್ತದೆ, ಮೇವಿನ ಚೂರು ಹೊರಗೆ ಬರುವುದಿಲ್ಲ.

ಚೀಲ ಇಳಿಸುವುದು ಹೇಗೆ? ಪಶುವೈದ್ಯರು ಅರಿವಳಿಕೆ ಕೊಟ್ಟು ದನದ ಎಡಪಕ್ಕೆಯಲ್ಲಿ ಒಂದು ಕಿಂಡಿ ಮಾಡಿ ರಬ್ಬರ್ ಮುಚ್ಚಳ ಕೂರಿಸಿರುತ್ತಾರೆ. ಗಾಯ ಮಾಯ್ದ ಮೇಲೆ ದನ ಎಂದಿನಂತೆ ಮೇಯುತ್ತದೆ, ಮೆಲುಕು ಹಾಕುತ್ತದೆ.

5 ಗ್ರಾಂ ಕಣಿಕೆ ಪುಡಿ ಹಾಕಿದ ಚೀಲವನ್ನು 48 ಗಂಟೆ ಬಿಟ್ಟು ತೆಗೆದು, ತೊಳೆದು, ಒಣಗಿಸಿ ತೂಗಿದಾಗ 2 ಗ್ರಾಂ ಉಳಿಯಿತು ಅಂದುಕೊಳ್ಳಿ. ಹಾಗಾದರೆ 3 ಗ್ರಾಂ, ಅಂದರೆ ನೂರಕ್ಕೆ 60 ಭಾಗ ಕರಗಿತು. ತಾಳಿ, ಇಲ್ಲೊಂದು ಮೋಸವಿದೆ. ತೊಳೆಯುವಾಗಲೇ ನೀರಿನ ಜೊತೆ ಸ್ವಲ್ಪ ದೂಳು ಹೋಗಿರಬಹುದಲ್ಲ? ಅದಕ್ಕೇ ಅಷ್ಟೇ ಪುಡಿ ಹಾಕಿದ, ಆದರೆ ಹೊಟ್ಟೆಗಿಳಿಸದ ಇನ್ನೊಂದು ಚೀಲವನ್ನೂ ಹಾಗೇ ತೊಳೆದು ತೂಗುತ್ತಾರೆ. ನನಗೆ ಇಡೀ ಪ್ರಯೋಗದಲ್ಲಿ ಅತಿ ಇಷ್ಟವಾದದ್ದು ಈ ಬರೀ ತೊಳೆತವೇ. ಕೆಲವು ಚೀಲಗಳನ್ನು 6, 12, 24 ಗಂಟೆಗೂ ತೆಗೆಯುತ್ತಾರೆ. ಎಷ್ಟು ಬೇಗ ಕರಗುತ್ತದೆ ಎಂಬುದೂ ಮುಖ್ಯ, ತಡವಾದರೆ ದನದ ಹೊಟ್ಟೆ ತುಂಬಿಯೇ ಇರುತ್ತದೆ, ಮತ್ತೆ ತಿನ್ನಲು ಜಾಗವಿರುವುದಿಲ್ಲ.

ಹೀಗೆ ಅಳೆದಾಗ ಬೇಳೆ ಮಿಲ್ಲಿನ ಕಡಲೆ ಸಿಪ್ಪೆ ಬಹುಪಾಲು ಕರಗುತ್ತದೆ. ಶೇಂಗಾ ಕಾಯಿಯ ಸಿಪ್ಪೆ ಎರಡು ದಿನವಾದರೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದರಲ್ಲಿ ಲಿಗ್ನಿನ್ ಜಾಸ್ತಿ; ಮರವನ್ನು ಗಟ್ಟಿಯಾಗಿಸುವ ವಸ್ತುವೇ ಅದು. ರೂಮೆನ್ನಿನ ಜೀವಿಗಳಿಗೆ ಅದನ್ನು ಒಡೆಯಲು ಬಾರದು.

ಚೀಲವಿಲ್ಲದ ದಾರಿಯೂ ಇದೆ. 1979ರಲ್ಲಿ ಜರ್ಮನಿಯ ಮೆಂಕೆ ಮತ್ತು ಸಂಗಡಿಗರು ಒಂದು ಚಿಟಿಕೆ ಮೇವಿಗೆ ರೂಮೆನ್ ರಸ ಬೆರೆಸಿ, ಗಾಜಿನ ಸಿರಿಂಜಿನಲ್ಲಿ 39 ಡಿಗ್ರಿ ಬಿಸಿಯಲ್ಲಿಟ್ಟರು. ಮೇವು ಅರಗಿದಂತೆ ಗಾಳಿ ಹುಟ್ಟಿ ಸಿರಿಂಜಿನ ದಂಡವನ್ನು ಮೇಲೆ ತಳ್ಳುತ್ತದೆ. ಎಷ್ಟು ಮೇಲೇರಿತು ಎಂದು ಓದಿಕೊಂಡರಾಯಿತು.

ಹೈದರಾಬಾದಿನಲ್ಲಿ ಜೋಳದ ಕಣಿಕೆ ಮಾರುವವರ ಸರಕನ್ನೂ ಹೀಗೆ ಪರೀಕ್ಷಿಸಿದ್ದಾರೆ. ಹೆಚ್ಚು ಅರಗುವ ಕಣಿಕೆಗೇ ಅಲ್ಲಿ ಮೊದಲಿನಿಂದ ಹೆಚ್ಚು ಬೆಲೆ ನಡೆಯುತ್ತಿತ್ತು, ಸಿರಿಂಜಿನ ಸುದ್ದಿಯೇ ಇಲ್ಲದೆ.