ತುಕ್ಕಿನ ಪ್ರಶ್ನೆಗೆ ತಡವಾಗಿ ಒಂದು ಉತ್ತರ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಒಂದು ದಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವ ಪಾಠ ನಡೆಯುತ್ತಿತ್ತು. ತುಕ್ಕಿಗೆ ಆಮ್ಲಜನಕ ಬೇಕು ಎಂದು ಮೇಷ್ಟ್ರು ಹೇಳಿದಾಗ ನಾನು ಎದ್ದು ನಿಂತು, "ದಿನಾ ಅದನ್ನೇ ಉಸಿರಾಡೋ ನಾವೂ ಒಳಗೆ ತುಕ್ಕು ಹಿಡೀತೀವಾ ಸಾರ್?" ಎಂದು ಕೇಳಿದೆ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. "ನಂಗೊತ್ತಿಲ್ಲ ಕಣೋ. ಮುಂದೆ ಓದಿ ನೀನೇ ಬಂದು ಹೇಳು" ಎಂದರು. ಆ ಸಾಲವನ್ನು ಇವತ್ತು ತೀರಿಸಬೇಕೆಂದಿದ್ದೇನೆ.

ನಾನು ಓದಿದ್ದು ಬಿಇ, ಮಾಡುವುದು ಸಾಫ್ಟ್‌ವೇರ್ ಕೆಲಸ. ಆ ಪ್ರಶ್ನೆ ನನಗೆ ಮತ್ತೆ ನೆನಪಾದದ್ದು 2021ರ ಮೇ ತಿಂಗಳಲ್ಲಿ. ಅಪ್ಪನಿಗೆ ಕೊರೊನಾ ಬಂದಿತ್ತು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 86 ತೋರಿಸುತ್ತಿದ್ದರೂ ಅವರು, "ನಂಗೇನಾಗಿದೆ? ಕಾಫಿ ಕೊಡ್ರೋ" ಎನ್ನುತ್ತಿದ್ದರು. ಆಸ್ಪತ್ರೆಯ ಹೊರಗೆ ಕಾದ ಆ ರಾತ್ರಿಗಳಲ್ಲಿ ನಾನು ಆಮ್ಲಜನಕದ ಬಗ್ಗೆ ಓದಲು ಶುರು ಮಾಡಿದೆ.

ನಮ್ಮ ಜೀವಕೋಶಗಳಲ್ಲಿ ಎಚ್‌ಐಎಫ್ ಎಂಬ ಪ್ರೋಟೀನ್ ಸದಾ ತಯಾರಾಗುತ್ತಿರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ, ಜೀವಕೋಶವು ಅದೇ ಆಮ್ಲಜನಕವನ್ನು ಬಳಸಿ ಈ ಪ್ರೋಟೀನಿಗೆ ಒಂದು ಗುರುತು ಹಾಕುತ್ತದೆ. ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನ್ ಆ ಗುರುತನ್ನು ಹಿಡಿದು ಅದನ್ನು ನಾಶಕ್ಕೆ ಕಳಿಸುತ್ತದೆ. ಆಮ್ಲಜನಕ ಕಡಿಮೆಯಾದರೆ ಗುರುತು ಬೀಳುವುದಿಲ್ಲ. ಎಚ್‌ಐಎಫ್ ಉಳಿದುಕೊಂಡು ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ: ಕೆಂಪು ರಕ್ತಕಣ ಹೆಚ್ಚಿಸು, ಹೊಸ ರಕ್ತನಾಳ ಬೆಳೆಸು, ಕಡಿಮೆ ಆಮ್ಲಜನಕದಲ್ಲೇ ಸಂಸಾರ ತೂಗಿಸು. ಇದನ್ನು ಬಿಡಿಸಿ ತೋರಿಸಿದ ಗ್ರೆಗ್ ಸೆಮೆನ್ಜಾ, ಪೀಟರ್ ರಾಟ್‌ಕ್ಲಿಫ್ ಮತ್ತು ವಿಲಿಯಂ ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಬಂತು.

ಇದಕ್ಕೂ ಮುಪ್ಪಿಗೂ ಏನು ಸಂಬಂಧ? ವಿಜ್ಞಾನಿಗಳು ಒಂದು ಮಿಲಿಮೀಟರ್ ಉದ್ದದ, ಎರಡು ಮೂರು ವಾರವಷ್ಟೇ ಬದುಕುವ ಒಂದು ಹುಳುವಿನಲ್ಲಿ ವಿಎಚ್‌ಎಲ್ ಜೀನನ್ನು ತೆಗೆದರು. ಎಚ್‌ಐಎಫ್ ನಾಶವಾಗದೆ ಉಳಿಯಿತು, ಹುಳು ಹೆಚ್ಚು ದಿನ ಬದುಕಿತು. ಇದು 2009ರ ಮಾತು. 2023ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳು ಬೇಗ ಮುಪ್ಪಾಗುವ ತಳಿಯ ಇಲಿಗಳನ್ನು ಶೇ. 11 ಆಮ್ಲಜನಕದ ಗಾಳಿಯಲ್ಲಿ ಸಾಕಿದರು. ನಾವು ಉಸಿರಾಡುವ ಗಾಳಿಯಲ್ಲಿರುವುದು ಶೇ. 21. ಶೇ. 11 ಎಂದರೆ ಹೆಚ್ಚುಕಡಿಮೆ ಎವರೆಸ್ಟ್ ಬೇಸ್ ಕ್ಯಾಂಪಿನಲ್ಲಿ ಸಿಗುವಷ್ಟು. ಮಾಮೂಲಿ ಗಾಳಿಯಲ್ಲಿ ಸುಮಾರು 16 ವಾರ ಬದುಕುತ್ತಿದ್ದ ಇಲಿಗಳು ಇಲ್ಲಿ ಸುಮಾರು 24 ವಾರ ಬದುಕಿದವು.

ಇದನ್ನು ಕೇಳಿ ಯಾರೂ ಮೂಗು ಮುಚ್ಚಿಕೊಂಡು ಕೂರಬೇಡಿ! ಹುಳುವಿನ ಆಯುಷ್ಯ ಹೆಚ್ಚಿಸಿದ ಆ ವಿಎಚ್‌ಎಲ್ ಜೀನ್ ಮನುಷ್ಯರಲ್ಲಿ ಕೆಟ್ಟರೆ ಮೂತ್ರಪಿಂಡದ ಕ್ಯಾನ್ಸರ್, ಮೆದುಳಿನಲ್ಲಿ ಗಡ್ಡೆಗಳು ಬರುತ್ತವೆ. ಗಡ್ಡೆಗೂ ಹೊಸ ರಕ್ತನಾಳ ಬೇಕಲ್ಲ, ಎಚ್‌ಐಎಫ್ ಅದಕ್ಕೂ ಬೆಳೆಸಿಕೊಡುತ್ತದೆ. ಇನ್ನೊಂದು ಮಾತು: ಈ ಹೊಂದಾಣಿಕೆಗೆ ಗಂಟೆಗಳು, ದಿನಗಳು ಬೇಕು. ಮೆದುಳು ಆಮ್ಲಜನಕವಿಲ್ಲದೆ ಕೆಲವೇ ನಿಮಿಷ ತಡೆಯಬಲ್ಲದು. ಅಪ್ಪನ "ನಂಗೇನಾಗಿದೆ" ಎಂಬ ಮಾತನ್ನು ನಂಬಿ ಇನ್ನೊಂದು ದಿನ ಮನೆಯಲ್ಲೇ ಇಟ್ಟುಕೊಂಡಿದ್ದರೆ ಅವರು ಇವತ್ತು ಈ ಸಭೆಯ ಮೂರನೇ ಸಾಲಿನಲ್ಲಿ ಕೂತಿರುತ್ತಿರಲಿಲ್ಲ. ಹಾಗಾಗಿ ಹಿರಿಯರಲ್ಲಿ ನನ್ನ ವಿನಂತಿ: ಜ್ವರ, ಕೆಮ್ಮು ಇದ್ದಾಗ ಆಕ್ಸಿಮೀಟರ್ 94ಕ್ಕಿಂತ ಕೆಳಗಿಳಿದರೆ, ಏನೂ ಅನ್ನಿಸದಿದ್ದರೂ ವೈದ್ಯರ ಹತ್ತಿರ ಹೋಗಿ.

ಮೇಷ್ಟ್ರೇ, ನನ್ನ ಉತ್ತರ ಇಷ್ಟು. ಆಮ್ಲಜನಕದಿಂದ ನಮ್ಮ ಜೀವಕೋಶಗಳಿಗೂ ಸ್ವಲ್ಪ ಸ್ವಲ್ಪ ಹಾನಿ ಆಗುತ್ತಲೇ ಇರುತ್ತದೆ. ಆದರೆ ತನ್ನ ಸುತ್ತ ಆಮ್ಲಜನಕ ಎಷ್ಟಿದೆ ಎಂದು ಕಬ್ಬಿಣಕ್ಕೆ ತಿಳಿಯುವುದಿಲ್ಲ, ಜೀವಕೋಶಕ್ಕೆ ತಿಳಿಯುತ್ತದೆ. ತಿಳಿದು ತನ್ನ ನಡೆ ಬದಲಿಸಿಕೊಳ್ಳುತ್ತದೆ. ಬದುಕಿರುವುದಕ್ಕೂ ಕಬ್ಬಿಣಕ್ಕೂ ಅಷ್ಟೇ ವ್ಯತ್ಯಾಸ.

ಮಕ್ಕಳೇ, ತರಗತಿ ನಕ್ಕರೂ ಪ್ರಶ್ನೆ ಕೇಳಿ. "ಗೊತ್ತಿಲ್ಲ, ಓದಿ ಹೇಳು" ಎನ್ನುವ ಮೇಷ್ಟ್ರು ಈ ಶಾಲೆಗೆ ಇನ್ನೂ ಐವತ್ತು ವರ್ಷ ಸಿಗುತ್ತಿರಲಿ.