ಖಾಲಿ ಜಾಗ ನಮಗೂ ಬೇಕು



2015ರಲ್ಲಿ ಎಂಪಿಎಂ ಕಾರ್ಖಾನೆಯಲ್ಲಿ ಕಾಗದ ತಯಾರಿಕೆ ನಿಂತಿತು. ಆದರೆ ಕಾಗದನಗರದ ಮಕ್ಕಳ ಆಟ ನಿಲ್ಲಬಾರದಲ್ಲ! ಬಳಸದೆ ಬಿಟ್ಟ ಮೈದಾನ ಮೊದಲು ಕಳೆಗಿಡದ ಪಾಲು, ಆಮೇಲೆ ಕುಡುಕರ ಪಾಲು. ‘ಕಂಪನಿ ಜಾಗ, ನಮಗ್ಯಾಕೆ?’ ಅನ್ನಬೇಡಿ. ಒಡೆತನ ಅವರದೇ ಇರಲಿ, ಸಂಜೆ ಹೊತ್ತು ಬಳಸೋಕೆ ಅನುಮತಿ ಕೇಳೋಣ. ಸಭೆಯಲ್ಲಿ ನಿರ್ಣಯ ಬರೆದು, ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಖಾಸಗಿ ಬಡಾವಣೆಯ ವಿಷಯ ಬೇರೆ. ಅನುಮೋದಿತ ನಕ್ಷೆಯಲ್ಲಿ ಪಾರ್ಕ್ ಅಂತ ತೋರಿಸಿದ ಜಾಗವನ್ನು ಮಾಲೀಕರು ಸೈಟ್ ಮಾಡಿ ಮಾರುವಂತಿಲ್ಲ. ನಗರಸಭೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ನಕ್ಷೆ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ.

ಮುಂದಿನ ವಾರದ ಸಭೆಗೆ ನಿಮ್ಮ ಬೀದಿಯ ಒಂದು ಖಾಲಿ ಜಾಗ ನೋಡಿಕೊಂಡು ಬನ್ನಿ.