ಉಗುರಿನ ಬೂಷ್ಟು, ಗುಳಿಗೆಯ ಲೆಕ್ಕ



ಹಬ್ಬಕ್ಕೆ ಹಚ್ಚಿದ ಮದರಂಗಿಯನ್ನು ತಿಂಗಳ ನಂತರ ಗಮನಿಸಿದ್ದೀರಾ? ಅಂಗೈಯ ಬಣ್ಣ ಮಾಸಿರುತ್ತದೆ. ಉಗುರಿನ ಬಣ್ಣ ಉಳಿದಿರುತ್ತದೆ. ಆದರೆ ಉಗುರಿನ ಬುಡದಲ್ಲಿ ಬಣ್ಣವಿಲ್ಲದ ಸಣ್ಣ ಪಟ್ಟಿಯೊಂದು ಕಾಣುತ್ತದೆ. ಅದು ಹೊಸದಾಗಿ ಬೆಳೆದ ಉಗುರು. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಕಾಲಿನ ಹೆಬ್ಬೆರಳ ಉಗುರು ಬೆಳೆಯುವುದು 1ರಿಂದ 1.5 ಮಿಲಿಮೀಟರ್ ಮಾತ್ರ. ಉಗುರಿಗೆ ತಗಲುವ ಶಿಲೀಂಧ್ರ, ಅಂದರೆ ಬೂಷ್ಟು, ಹೋಗಲು ಏಕೆ ಇಷ್ಟು ಕಾಲ ಬೇಕೆಂಬುದಕ್ಕೆ ಇದೇ ಉತ್ತರ.

ಚಿಮ್ಮಡ, ಜಮಖಂಡಿ, ಮುಧೋಳದ ಕಡೆ ಕಬ್ಬಿಗೆ ನೀರು ಹಾಯಿಸುವ ರೈತರ ಕಾಲು ಗಂಟೆಗಟ್ಟಲೆ ಕೆಸರಿನಲ್ಲಿರುತ್ತದೆ. ಸದಾ ಒದ್ದೆಯಾದ ಕಾಲು, ಪೆಟ್ಟು ತಿಂದ ಉಗುರು, ಸಕ್ಕರೆ ಕಾಯಿಲೆ, ಇವೆಲ್ಲ ಶಿಲೀಂಧ್ರಕ್ಕೆ ಅನುಕೂಲ. ಟ್ರೈಕೋಫೈಟಾನ್ ರುಬ್ರಮ್ ಎಂಬುದು ಇವುಗಳಲ್ಲಿ ಪ್ರಮುಖವಾದುದು. ಉಗುರಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಅದರ ಆಹಾರ. ಉಗುರು ಹಳದಿಯಾಗಿ, ದಪ್ಪಗಾಗಿ, ಪುಡಿಯಾಗಿ ಉದುರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಕಾಲಿನ ಹುಣ್ಣಿಗೂ ದಾರಿಯಾಗಬಹುದು. ಆದ್ದರಿಂದ ಇದು ಬರಿಯ ಅಂದದ ಪ್ರಶ್ನೆಯಲ್ಲ.

ಕೆಟ್ಟ ಉಗುರೆಲ್ಲ ಶಿಲೀಂಧ್ರದಿಂದಲೇ ಕೆಟ್ಟಿದ್ದಲ್ಲ. ಸೋರಿಯಾಸಿಸ್‌ನಲ್ಲೂ ಉಗುರು ಹೀಗೆಯೇ ಕಾಣಬಹುದು. ಆದ್ದರಿಂದ ಉಗುರಿನ ಚೂರನ್ನು ಪರೀಕ್ಷಿಸಿ ರೋಗವನ್ನು ಖಚಿತಪಡಿಸಿಕೊಳ್ಳಬೇಕು. ಟರ್ಬಿನಾಫಿನ್ ಗುಳಿಗೆಯನ್ನು ಸಾಮಾನ್ಯವಾಗಿ ಕೈಯ ಉಗುರಿಗೆ 6 ವಾರ, ಕಾಲಿನ ಉಗುರಿಗೆ 12 ವಾರ ಕೊಡುತ್ತಾರೆ. ಅಗತ್ಯವಿದ್ದರೆ ವೈದ್ಯರು ಪಿತ್ತಜನಕಾಂಗದ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ.

ರೋಗಿಗಳು ಎಡವುವುದು ಇಲ್ಲಿಯೇ. ತಿಂಗಳಾದರೂ ಉಗುರು ಹಾಗೆಯೇ ಇದೆ, ಔಷಧ ಹತ್ತಲಿಲ್ಲ ಎಂದು ಕೆಲವರು ಗುಳಿಗೆ ಬಿಡುತ್ತಾರೆ. ಕೆಟ್ಟ ಉಗುರನ್ನು ಯಾವ ಔಷಧವೂ ರಿಪೇರಿ ಮಾಡುವುದಿಲ್ಲ. ಔಷಧ ಶಿಲೀಂಧ್ರವನ್ನು ಕೊಲ್ಲುತ್ತದೆ. ಶುದ್ಧವಾದ ಉಗುರು ಬುಡದಿಂದ ಬೆಳೆದು ಹಳೆಯದನ್ನು ಮುಂದೆ ತಳ್ಳಬೇಕು. ಇನ್ನು ಕೆಲವರು ಆ ಶುದ್ಧ ಪಟ್ಟಿ ಕಂಡೊಡನೆ ಗುಣವಾಯಿತೆಂದು ನಿಲ್ಲಿಸುತ್ತಾರೆ. ಉಳಿದ ಶಿಲೀಂಧ್ರ ಮತ್ತೆ ಹಿಂದಕ್ಕೆ ಹಬ್ಬುತ್ತದೆ.

12 ವಾರ ಮುಗಿದಾಗಲೂ ಉಗುರು ಅರ್ಧಕ್ಕಿಂತ ಹೆಚ್ಚು ಹಳೆಯದೇ ಆಗಿರುತ್ತದೆ. ಗಾಬರಿ ಬೇಡ, ತಾನಾಗಿ ಗುಳಿಗೆ ಮುಂದುವರಿಸುವುದೂ ಬೇಡ. ಔಷಧ ಉಗುರಿನಲ್ಲಿ ಹಲವು ವಾರ ಉಳಿದು ಕೆಲಸ ಮಾಡುತ್ತದೆ. ಪೂರ್ಣ ಉಗುರು ಬರಲು 12ರಿಂದ 18 ತಿಂಗಳು ಬೇಕು.

ನಿಮ್ಮ ಮನೆಯಲ್ಲಿ ಅಜ್ಜನೋ ಅವ್ವನೋ ಈ ಚಿಕಿತ್ಸೆಯಲ್ಲಿದ್ದರೆ, ಗುಳಿಗೆ ತೆಗೆದುಕೊಂಡ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿಂಗಳಿಗೊಮ್ಮೆ ಸ್ಕೇಲು ಹಿಡಿದು ಹೊಸ ಉಗುರನ್ನು ಅಳೆದು ಬರೆದಿಡಿ. ಕಣ್ಣಿಗೆ ಕಾಣದ ಸುಧಾರಣೆ ಆ ಅಂಕಿಗಳಲ್ಲಿ ಕಾಣುತ್ತದೆ.